ರೆಕ್ಕೆಯೊಳಗಿನ ಸೀಮೆಎಣ್ಣೆ

ಸೀಮೆಎಣ್ಣೆಯ ಪಂಪ್ ಸ್ಟವ್ವನ್ನು ಬಳಸಿ ಬಲ್ಲವರು ಈಗ ವಿರಳರಾಗುತ್ತಿದ್ದಾರೆ. ನಮ್ಮ ಬಾಲ್ಯದಲ್ಲಿ ಅದು ಇನ್ನೂ ಅಡಿಗೆಮನೆಯ ಮೂಲೆಯಲ್ಲಿ ಭೋರ್ಗರೆಯುತ್ತಿದ್ದಿತು. ಚೆನ್ನಾಗಿ ಉರಿಯುತ್ತಿದ್ದ ಸ್ಟವ್ವು ಒಮ್ಮೊಮ್ಮೆ ಇದ್ದಕ್ಕಿದ್ದಂತೆ ತಡವರಿಸುವುದು. ನೀಲಿಯ ಜ್ವಾಲೆ ಕೆಂಪಗಾಗಿ, ಚಟಪಟನೆ ಸಿಡಿದು, ಕಡೆಗೆ ಆರಿಯೇ ಹೋಗುವುದು. ಎಣ್ಣೆ ತೀರಿತೇನೋ ಎಂದು ಅಲುಗಿಸಿ ನೋಡಿದರೆ ಒಳಗೆ ಅರ್ಧಕ್ಕೂ ಮೇಲೆ ಎಣ್ಣೆ! “ನೀರು ಸೇರಿದೆ” ಎಂದು ಹಿರಿಯರು ತೀರ್ಪು ಕೊಡುವರು. ಎಣ್ಣೆಯನ್ನು ಗಾಜಿನ ಸೀಸೆಗೆ ಬಗ್ಗಿಸಿ ಬೆಳಕಿಗೆ ಹಿಡಿದರೆ ತಳದಲ್ಲಿ ನಾಲ್ಕಾರು ನೀರಿನ ಹನಿಗಳು ಪಾದರಸದಂತೆ ಉರುಳಾಡುವುದು ಕಾಣುತ್ತಿದ್ದಿತು. ಎಣ್ಣೆ ಇದ್ದರೆ ಸಾಲದು, ಅದು ಉರಿಯುವ ಬಾಯಿಗೆ ತಡೆಯಿಲ್ಲದೆ ಬಂದು ಸೇರಬೇಕು ಎಂಬ ಪಾಠವನ್ನು ಆ ಸ್ಟವ್ವು ನಮಗೆ ಕಲಿಸಿತು.

2008ನೆಯ ಇಸವಿ ಜನವರಿ 17ರ ಮಧ್ಯಾಹ್ನ ಇದೇ ಬಗೆಯ ಪ್ರಸಂಗವೊಂದು ಲಂಡನ್ನಿನ ಹೀಥ್ರೂ ನಿಲ್ದಾಣದ ಅಂಚಿನಲ್ಲಿ, 152 ಮಂದಿಯನ್ನು ಹೊತ್ತ ಬೋಯಿಂಗ್ 777 ವಿಮಾನಕ್ಕೆ ಒದಗಿತು. ಇಳಿಯಲು ಇನ್ನು ಎರಡು ಮೈಲಿಯಷ್ಟೇ ಉಳಿದಿರುವಾಗ ಅದರ ಎರಡು ಎಂಜಿನ್ನುಗಳೂ ಒಂದಾದಮೇಲೊಂದು ಬಲಗುಂದಿದುವು. ಟ್ಯಾಂಕುಗಳಲ್ಲಿ ಹಲವು ಟನ್ ಇಂಧನ ಉಳಿದೇ ಇತ್ತು. ಅಲ್ಲಿ ನಡೆದುದೇನೆಂಬುದನ್ನು ತಿಳಿಯಬೇಕಾದರೆ ವಿಮಾನವು ತನ್ನ ಇಂಧನವನ್ನು ಎಲ್ಲಿ ಇಟ್ಟುಕೊಳ್ಳುತ್ತದೆ, ಹೇಗೆ ಎಂಜಿನ್ನಿಗೆ ಸಾಗಿಸುತ್ತದೆ ಎಂಬುದನ್ನು ಮೊದಲು ಅರಿಯಬೇಕು. ವಾಚಕರು ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ರೆಕ್ಕೆಯ ಒಳಹೊಕ್ಕು ಬರಬೇಕೆಂದು ಕೋರುತ್ತೇವೆ.

ಜೆಟ್ ವಿಮಾನಗಳು ಉರಿಸುವುದು ಪೆಟ್ರೋಲನ್ನಲ್ಲ, ಸೀಮೆಎಣ್ಣೆಯ ಒಡಹುಟ್ಟನ್ನು. ಬಹಳ ಶುದ್ಧಗೊಳಿಸಿದ, ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಸೀಮೆಎಣ್ಣೆಯೇ ಅದು. ‘ಜೆಟ್ ಎ-1’ ಎಂದು ಹೆಸರಾದ ಬಗೆಯು ಸೊನ್ನೆಗಿಂತ 47 ಡಿಗ್ರಿ ಸೆಂಟಿಗ್ರೇಡ್ ಕೆಳಗಿನವರೆಗೂ ಹೆಪ್ಪುಗಟ್ಟಬಾರದು. 38 ಡಿಗ್ರಿಗಿಂತ ಕಡಿಮೆ ಶಾಖದಲ್ಲಿ ಅದರ ಆವಿ ಕಿಡಿಗೆ ಹೊತ್ತಿಕೊಳ್ಳಬಾರದು. ಒಂದು ಕಿಲೋಗ್ರಾಂ ಇಂಧನ ಉರಿದರೆ ಸುಮಾರು 43 ದಶಲಕ್ಷ ಜೂಲಿನಷ್ಟು ಶಾಖ ಹೊರಬೀಳುತ್ತದೆ. ಇಲ್ಲಿ ‘ಒಂದು ಲೀಟರು’ ಎನ್ನದೆ ‘ಒಂದು ಕಿಲೋಗ್ರಾಂ’ ಎಂದುದು ಬೇಕೆಂತಲೇ. ಕಾರಣ ಮುಂದೆ ತಿಳಿಯುವುದು.

ಈ ಇಂಧನವಿರುವುದು ಹೆಚ್ಚಾಗಿ ರೆಕ್ಕೆಗಳ ಒಳಗೆ. ಅಲ್ಲಿ ಪೀಪಾಯಿಯಂತಹ ಬೇರೊಂದು ಪಾತ್ರೆಯನ್ನು ಇಟ್ಟಿರುತ್ತಾರೆಂದು ಭಾವಿಸಬಾರದು. ರೆಕ್ಕೆಯ ಉದ್ದಕ್ಕೆ ಹಾಯ್ದ ತೊಲೆಗಳು, ಅವುಗಳ ನಡುವಣ ಅಡ್ಡಪಟ್ಟಿಗಳು, ಮೇಲಿನ ಕೆಳಗಿನ ಲೋಹದ ಹೊದಿಕೆ - ಇವುಗಳ ಸಂದುಗಳನ್ನೆಲ್ಲ ಅಂಟಿನಿಂದ ಬಿಗಿದು ಮುಚ್ಚಿದರಾಯಿತು, ರೆಕ್ಕೆಯೇ ಟ್ಯಾಂಕು. ಎರಡು ರೆಕ್ಕೆಗಳು ಒಡಲಿಗೆ ಸೇರುವೆಡೆಯಲ್ಲಿ ನಡುಟ್ಯಾಂಕು ಒಂದಿರುತ್ತದೆ. ದೂರ ಪ್ರಯಾಣದ ಬೋಯಿಂಗ್ 777ರ ಒಂದು ಮಾದರಿಯಲ್ಲಿ ಹೀಗೆ ಸುಮಾರು 1,71,000 ಲೀಟರು ಇಂಧನ ಹಿಡಿಸುತ್ತದೆ. ಅದರ ತೂಕ 135 ಟನ್ನಿಗೂ ಮಿಕ್ಕುತ್ತದೆ. ಆ ವಿಮಾನ ನೆಲಬಿಟ್ಟು ಏರಬಹುದಾದ ಗರಿಷ್ಠ ತೂಕವೇ ಸುಮಾರು 297 ಟನ್ ಎಂಬುದನ್ನು ನೆನೆದರೆ, ಹಾರುವುದು ಜನರನ್ನು ಹೊತ್ತ ವಿಮಾನವೋ ಇಂಧನವನ್ನು ಹೊತ್ತ ವಿಮಾನವೋ ಎಂಬ ಸಂದೇಹ ಬಾರದಿರದು.

ಇಷ್ಟು ಭಾರವನ್ನು ರೆಕ್ಕೆಯಂತಹ ತೆಳುವಾದ ಅಂಗದಲ್ಲಿ ಏಕೆ ತುಂಬಬೇಕು ಎಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು. ಬಿದಿರಿನ ಗಳುವೊಂದನ್ನು ಇಬ್ಬರು ಎರಡು ತುದಿಗಳಲ್ಲಿ ಹಿಡಿದೆತ್ತಿ, ನಟ್ಟನಡುವೆ ಭಾರವನ್ನು ತೂಗಹಾಕಿದರೆ ಗಳು ಬಿಲ್ಲಿನಂತೆ ಬಾಗುವುದಷ್ಟೆ. ಅದೇ ಭಾರವನ್ನು ಎರಡು ಪಾಲು ಮಾಡಿ ಹಿಡಿದವರ ಕೈಗಳ ಬಳಿಗೆ ಸರಿಸಿದರೆ ಗಳು ಅಷ್ಟಾಗಿ ಬಾಗದು. ವಿಮಾನವನ್ನು ಎತ್ತಿಹಿಡಿಯುವ ಬಲ ರೆಕ್ಕೆಗಳ ಉದ್ದಕ್ಕೂ ಹರಡಿರುತ್ತದೆ. ಭಾರವೆಲ್ಲ ನಡುವಿನ ಒಡಲಿನಲ್ಲೇ ಇದ್ದರೆ ರೆಕ್ಕೆಯ ಬುಡ ಬಹಳ ನೋಯಬೇಕಾಗುವುದು. ರೆಕ್ಕೆಯಲ್ಲೇ ಇರುವ ಇಂಧನ ಆ ಮೇಲ್ಮುಖದ ಬಲವನ್ನು ಇದ್ದಲ್ಲಿಯೇ ಎದುರಿಸಿ ಬುಡದ ಸೆಳೆತವನ್ನು ಕಡಿಮೆ ಮಾಡುತ್ತದೆ. ಆದುದರಿಂದಲೇ ಹಾರಾಟದಲ್ಲಿ ಮೊದಲು ಖರ್ಚಾಗುವುದು ನಡುಟ್ಯಾಂಕಿನ ಇಂಧನ. ರೆಕ್ಕೆಯದನ್ನು ಕಡೆಯವರೆಗೆ ಕಾಯ್ದಿಡುತ್ತಾರೆ.

ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ವಿಮಾನಶಿಲ್ಪಿಗಳು ತಿರುಗಿಸಿ ಓದುತ್ತಾರೆ: ಬರಿದಾಗುತ್ತಿರುವ ಕೊಡ ತುಳುಕಿಯೇ ತುಳುಕುವುದು. ವಿಮಾನ ಒಂದು ಕಡೆಗೆ ವಾಲಿದಾಗ ಅರ್ಧ ತುಂಬಿದ ಟ್ಯಾಂಕಿನ ಇಂಧನವೆಲ್ಲ ರೆಕ್ಕೆಯ ತುದಿಗೆ ನುಗ್ಗಿದರೆ ಎರಡು ಕೇಡು. ತೂಕದ ಸಮತೋಲ ಕೆಡುವುದು ಒಂದು. ಬುಡದಲ್ಲಿರುವ ಪಂಪಿನ ಬಾಯಿ ಒಣಗುವುದು ಇನ್ನೊಂದು. ಇದನ್ನು ತಡೆಯಲು ಅಡ್ಡಪಟ್ಟಿಗಳಲ್ಲಿರುವ ಕಿಂಡಿಗಳಲ್ಲಿ ಕೆಲವಕ್ಕೆ ಒಂದೇ ಕಡೆಗೆ ತೆರೆಯುವ ಪುಟ್ಟ ಕದಗಳನ್ನು ತೂಗಹಾಕಿರುತ್ತಾರೆ. ಇಂಧನ ತುದಿಯಿಂದ ಬುಡಕ್ಕೆ ಬರುವಾಗ ಕದ ತೆರೆದುಕೊಳ್ಳುವುದು. ಹಿಂದಕ್ಕೆ ಹೊರಳಿದಾಗ ತಾನಾಗಿ ಮುಚ್ಚಿಕೊಳ್ಳುವುದು.

ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಕೊರೆದು ಬಗ್ಗಿಸಿದವರಿಗೆ ಎಣ್ಣೆ ಗೊಳಗೊಳನೆ ತಡೆತಡೆದು ಬರುವುದು ಗೊತ್ತು. ಎದುರು ಮೂಲೆಯಲ್ಲಿ ಮತ್ತೊಂದು ತೂತು ಮಾಡಿದರೆ ಧಾರೆ ಸಲೀಸಾಗುತ್ತದೆ. ವಿಮಾನದ ಟ್ಯಾಂಕಿಗೂ ಈ ಎರಡನೆಯ ತೂತು ಬೇಕು. ಇಂಧನ ಇಳಿದಷ್ಟೂ ಗಾಳಿ ಒಳಬರದಿದ್ದರೆ ಹೊರಗಿನ ಒತ್ತಡ ರೆಕ್ಕೆಯ ಹೊದಿಕೆಯನ್ನೇ ಒಳಕ್ಕೆ ಅದುಮೀತು. ರೆಕ್ಕೆಯ ತುದಿಯ ಬಳಿ ತಳಭಾಗದಲ್ಲಿ ಈ ಉಸಿರುದಾರಿಯ ಬಾಯಿ ಇರುತ್ತದೆ. ಆದರೆ ಬರಿದಾದ ಟ್ಯಾಂಕಿನಲ್ಲಿ ಗಾಳಿಯೂ ಇಂಧನದ ಆವಿಯೂ ಬೆರೆತಿರುವುದು ಅಪಾಯವಿಲ್ಲದ ಸ್ಥಿತಿಯಲ್ಲ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಬೋಯಿಂಗ್ 747 ವಿಮಾನದ ನಡುಟ್ಯಾಂಕು ಆಕಾಶದಲ್ಲೇ ಸ್ಫೋಟಿಸಿ 230 ಮಂದಿ ಮಡಿದರು. ಆ ಬಳಿಕ ಸಾರಜನಕ ಹೆಚ್ಚಾಗಿರುವ ಗಾಳಿಯನ್ನು ಟ್ಯಾಂಕಿನ ಬರಿದಾದ ಭಾಗಕ್ಕೆ ತುಂಬುವ ಏರ್ಪಾಡು ಬಂದಿತು. ಆಮ್ಲಜನಕ ಸಾಲದಿದ್ದರೆ ಕಿಡಿ ಬಿದ್ದರೂ ಉರಿ ಹತ್ತದು.

ಇನ್ನು ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಅಳೆಯುವುದು ಹೇಗೆ? ಶಾಖ 10 ಡಿಗ್ರಿ ಏರಿದರೆ 10,000 ಲೀಟರು ಇಂಧನ ಹೆಚ್ಚುಕಡಿಮೆ 100 ಲೀಟರಿನಷ್ಟು ಹಿಗ್ಗುತ್ತದೆ. ಅದರಲ್ಲಿರುವ ಶಾಖಶಕ್ತಿ ಮಾತ್ರ ಒಂದಿಷ್ಟೂ ಹೆಚ್ಚುವುದಿಲ್ಲ. ಆದುದರಿಂದ ವೈಮಾನಿಕನಿಗೆ ಬೇಕಾದುದು ಗಾತ್ರವಲ್ಲ, ದ್ರವ್ಯರಾಶಿ. ಇದಕ್ಕಾಗಿ ಹೂಡಿರುವ ಉಪಾಯ ಭೌತಶಾಸ್ತ್ರದವರ ಮನಸ್ಸಿಗೆ ಹಿತವಾದುದು. ಒಂದರೊಳಗೊಂದು ನಿಂತ ಎರಡು ಲೋಹದ ಕೊಳವೆಗಳನ್ನು ಟ್ಯಾಂಕಿನಲ್ಲಿ ಅಲ್ಲಲ್ಲಿ ನಿಲ್ಲಿಸಿರುತ್ತಾರೆ. ಅವು ವಿದ್ಯುತ್ತನ್ನು ಹಿಡಿದಿಡುವ ಕಂಡೆನ್ಸರುಗಳು. ನಡುವೆ ಗಾಳಿ ಇದ್ದಾಗ ಅವು ಹಿಡಿಯುವುದಕ್ಕಿಂತ ಇಂಧನ ಇದ್ದಾಗ ಸುಮಾರು 2.1 ಪಟ್ಟು ವಿದ್ಯುತ್ತನ್ನು ಹಿಡಿಯುತ್ತವೆ. ಇಂಧನ ತಂಪಾಗಿ ಕುಗ್ಗಿ ಮಟ್ಟ ಇಳಿದರೆ ಅದರ ಸಾಂದ್ರತೆ ಏರುತ್ತದೆ, ಅದರೊಡನೆ ಈ ಹಿಡಿಯುವ ಗುಣವೂ ಏರುತ್ತದೆ. ಒಂದರ ಇಳಿತವನ್ನು ಇನ್ನೊಂದರ ಏರಿಕೆ ಬಹುಮಟ್ಟಿಗೆ ಸರಿದೂಗಿಸುವುದರಿಂದ ಮಾಪಕವು ಲೀಟರನ್ನಲ್ಲ, ಕಿಲೋಗ್ರಾಮನ್ನೇ ತೋರಿಸುವಂತಾಗುತ್ತದೆ.

ಮಾಪಕ ಕೆಟ್ಟಾಗ ಮನುಷ್ಯ ಲೆಕ್ಕ ಹಾಕಬೇಕು. ಕೆನಡದಲ್ಲಿ 1983ರ ಜುಲೈ 23ರಂದು ಹಾಗೆಯೇ ಆಯಿತು. ಮಾಂಟ್ರಿಯಲ್ಲಿನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್ನಿಗೆ ಹೊರಟ ಬೋಯಿಂಗ್ 767ಕ್ಕೆ 22,300 ಕಿಲೋಗ್ರಾಂ ಇಂಧನ ಬೇಕಾಗಿತ್ತು. ಮಾಪಕ ನಡೆಯುತ್ತಿರಲಿಲ್ಲ. ಟ್ಯಾಂಕಿನ ಆಳವನ್ನು ಅಳತೆಯ ಕೋಲಿನಿಂದ ನೋಡಿ 7,682 ಲೀಟರು ಇದೆಯೆಂದು ಕಂಡುಕೊಂಡರು. ಅದನ್ನು ತೂಕಕ್ಕೆ ತಿರುಗಿಸಲು 1.77ರಿಂದ ಗುಣಿಸಿದರು, 13,597 ಬಂದಿತು. ಬೇಕಾದುದರಲ್ಲಿ ಇದನ್ನು ಕಳೆದು, ಉಳಿದುದನ್ನು ಮತ್ತೆ 1.77ರಿಂದ ಭಾಗಿಸಿ, ಸುಮಾರು 4,917 ಲೀಟರು ತುಂಬಿದರೆ ಸಾಕೆಂದು ತೀರ್ಮಾನಿಸಿದರು. ಗುಣಾಕಾರ, ಭಾಗಾಕಾರ ಎರಡೂ ಸರಿ. ಆದರೆ 1.77 ಎಂಬುದು ಒಂದು ಲೀಟರಿನ ತೂಕ ಎಷ್ಟು ‘ಪೌಂಡು’ ಎಂಬ ಸಂಖ್ಯೆ! ಕಿಲೋಗ್ರಾಮಿನಲ್ಲಿ ಅದು 0.803. ಆ ಸಂಸ್ಥೆಯ ಹಳೆಯ ವಿಮಾನಗಳ ಲೆಕ್ಕವೆಲ್ಲ ಪೌಂಡಿನಲ್ಲಿತ್ತು, ಈ ಹೊಸ ವಿಮಾನದ್ದು ಕಿಲೋಗ್ರಾಮಿನಲ್ಲಿ. ತುಂಬಬೇಕಾಗಿದ್ದುದು 20,000 ಲೀಟರಿಗೂ ಹೆಚ್ಚು. ವಿಮಾನ ಹೊರಟಾಗ ಅದರಲ್ಲಿದ್ದುದು ಬೇಕಾದುದರ ಅರ್ಧಕ್ಕಿಂತ ಕಡಿಮೆ.

ಉತ್ತರದ ಮುಂದೆ ಮಾನವನ್ನು ಬರೆಯದ ವಿದ್ಯಾರ್ಥಿಗೆ ನಾವು ಅರ್ಧ ಅಂಕ ಕಳೆಯುತ್ತೇವೆ. ಅವನು ಅದನ್ನು ನಮ್ಮ ಜಿಪುಣತನವೆಂದು ತಿಳಿಯುತ್ತಾನೆ. ಅಂಥವನಿಗೆ ನಾವು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದುಂಟು. 41,000 ಅಡಿ ಎತ್ತರದಲ್ಲಿ ಇಂಧನದ ಒತ್ತಡ ಕುಸಿದಿದೆಯೆಂಬ ಎಚ್ಚರಿಕೆ ಮೊಳಗಿತು. ಸ್ವಲ್ಪ ಹೊತ್ತಿಗೆ ಒಂದು ಎಂಜಿನ್, ಅದರ ಹಿಂದೆಯೇ ಇನ್ನೊಂದು ನಿಂತುಹೋದುವು. ಕಪ್ತಾನ ರಾಬರ್ಟ್ ಪಿಯರ್ಸನ್ನರಿಗೆ ಎಂಜಿನ್ನಿಲ್ಲದ ಗ್ಲೈಡರುಗಳನ್ನು ಹಾರಿಸಿದ ಅನುಭವವಿತ್ತು. ಸಹವೈಮಾನಿಕ ಮಾರಿಸ್ ಕ್ವಿಂಟಾಲರಿಗೆ ತಾವು ಹಿಂದೆ ಸೇವೆ ಸಲ್ಲಿಸಿದ್ದ ಗಿಮ್ಲಿ ಎಂಬ ಹಳೆಯ ವಾಯುನೆಲೆ ನೆನಪಿಗೆ ಬಂದಿತು. ಅಷ್ಟು ದೊಡ್ಡ ವಿಮಾನವನ್ನು ಗಾಳಿಪಟದಂತೆ ತೇಲಿಸಿಕೊಂಡು ಬಂದು ಅಲ್ಲಿ ಇಳಿಸಿದರು. 69 ಮಂದಿಯೂ ಬದುಕಿದರು.

ಅಲ್ಲಿ ಇಂಧನವೇ ಇರಲಿಲ್ಲ. ಹೀಥ್ರೂವಿನಲ್ಲಿ ಇದ್ದೂ ಇಲ್ಲದಂತಾಯಿತು. ಅದಕ್ಕೆ ಬರುವ ಮುನ್ನ ಇಂಧನ ನಡೆಯುವ ದಾರಿಯನ್ನು ನೋಡಬೇಕು.

ಬಾವಿಯ ನೀರನ್ನು ಮೇಲಿನಿಂದ ಹೀರುವ ಪಂಪು ವಾತಾವರಣದ ಒತ್ತಡವನ್ನು ನಂಬಿಕೊಂಡಿರುತ್ತದೆ. 35,000 ಅಡಿಯ ಎತ್ತರದಲ್ಲಿ ಆ ಒತ್ತಡ ನೆಲದ ಮೇಲಿರುವುದರ ಕಾಲುಭಾಗಕ್ಕೂ ಕಡಿಮೆ. ಅಲ್ಲದೆ ಗೋಲಿಸೋಡದ ಮುಚ್ಚಳ ತೆಗೆದಾಗ ಗುಳ್ಳೆ ಏಳುವಂತೆ, ಮೇಲೇರಿದಂತೆಲ್ಲ ಇಂಧನದಲ್ಲಿ ಕರಗಿದ್ದ ಗಾಳಿ ಬಿಟ್ಟುಕೊಳ್ಳತೊಡಗುತ್ತದೆ. ಹೀರುವುದನ್ನೇ ನಂಬಿದರೆ ಕೊಳವೆಯಲ್ಲಿ ಇಂಧನಕ್ಕೆ ಬದಲು ಗುಳ್ಳೆ ಬಂದೀತು. ಆದುದರಿಂದ ಪಂಪನ್ನು ಟ್ಯಾಂಕಿನ ತಳದಲ್ಲಿ, ಇಂಧನದಲ್ಲೇ ಮುಳುಗಿಸಿ ಇಟ್ಟಿರುತ್ತಾರೆ. ಅದು ಎಳೆಯುವುದಿಲ್ಲ, ತಳ್ಳುತ್ತದೆ. ಒಂದು ಕೆಟ್ಟರೆ ಇನ್ನೊಂದಿರಲೆಂದು ಪ್ರತಿ ಟ್ಯಾಂಕಿಗೂ ಎರಡು. ಮೂಲೆಮುಡುಕುಗಳಲ್ಲಿ ನಿಂತ ಇಂಧನವನ್ನೂ ತಳದ ನೀರನ್ನೂ ಬಳಿದು ತರಲು ಚಲಿಸುವ ಭಾಗವೊಂದೂ ಇಲ್ಲದ ಜೆಟ್ ಪಂಪುಗಳಿರುತ್ತವೆ. ಕಿರಿದಾದ ಬಾಯಿಯಿಂದ ವೇಗವಾಗಿ ಚಿಮ್ಮುವ ಧಾರೆ ಸುತ್ತಣ ದ್ರವವನ್ನು ತನ್ನೊಡನೆ ಸೆಳೆದೊಯ್ಯುವ ತತ್ತ್ವವೇ ಅಲ್ಲಿಯೂ. ಹೀಗೆ ತಂದ ನೀರು ಇಂಧನದೊಡನೆ ಸಣ್ಣ ಹನಿಗಳಾಗಿ ಚೆದರಿ ಎಂಜಿನ್ನಿಗೆ ಹೋಗಿ ಆವಿಯಾಗಿಬಿಡುವುದು, ಅಷ್ಟರಿಂದ ಹಾನಿಯಿಲ್ಲ. ಎಡ ಟ್ಯಾಂಕಿನ ಇಂಧನ ಎಡ ಎಂಜಿನ್ನಿಗೆ, ಬಲದ್ದು ಬಲಕ್ಕೆ. ಬೇಕಾದಾಗ ಎರಡನ್ನೂ ಕೂಡಿಸುವ ಕವಾಟವೊಂದು ನಡುವೆ ಇರುತ್ತದೆ.

ಎಂಜಿನ್ನನ್ನು ಮುಟ್ಟಿದ ಇಂಧನ ಇನ್ನೂ ಕೊರೆಯುವಷ್ಟು ತಣ್ಣಗಿರುತ್ತದೆ. ಇತ್ತ ಎಂಜಿನ್ನಿನ ತಿರುಗುವ ಅಂಗಗಳಿಗೆ ಹಚ್ಚುವ ಎಣ್ಣೆ ಸುಡುವಷ್ಟು ಬಿಸಿಯಾಗಿರುತ್ತದೆ. ಒಂದನ್ನು ಬಿಸಿಮಾಡಬೇಕು, ಇನ್ನೊಂದನ್ನು ತಣಿಸಬೇಕು. ಎರಡನ್ನೂ ನೆರೆಹೊರೆಯಾಗಿ ಹರಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸ. ಇದು ಶಾಖವಿನಿಮಯದ ಪೆಟ್ಟಿಗೆ. ಹೀಥ್ರೂವಿನ ವಿಮಾನದ ಎಂಜಿನ್ನಿನಲ್ಲಿ ಇಂಧನವು ಸಾವಿರಕ್ಕೂ ಮಿಕ್ಕ ಸಣ್ಣ ನಳಿಗೆಗಳ ಮೂಲಕ ಈ ಪೆಟ್ಟಿಗೆಯನ್ನು ಹಾಯ್ದು, ಸೋಸುಬಟ್ಟೆಯಂತಹ ಶೋಧಕವನ್ನು ದಾಟಿ, ಅಲ್ಲಿಂದ ಅಧಿಕ ಒತ್ತಡದ ಪಂಪಿಗೆ ಹೋಗುತ್ತಿದ್ದಿತು. ನಳಿಗೆಗಳು ಬಂದು ಸೇರುವ ತಟ್ಟೆಯ ಮುಖದ ಮೇಲೆ ಅವುಗಳ ಮೊನೆಗಳು ಕೆಲವೇ ಮಿಲಿಮೀಟರಿನಷ್ಟು ಹೊರಚಾಚಿದ್ದುವು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು.

ವಿಮಾನ ಬೀಜಿಂಗಿನಿಂದ ಹೊರಟು ಹತ್ತೂವರೆ ಗಂಟೆ ಹಾರಿತ್ತು. ದಾರಿಯಲ್ಲಿ ಹೊರಗಣ ಗಾಳಿ ಸಾಮಾನ್ಯಕ್ಕಿಂತಲೂ ತಣ್ಣಗಿತ್ತು. ರೆಕ್ಕೆಯೊಳಗಣ ಇಂಧನ ಸೊನ್ನೆಗಿಂತ 34 ಡಿಗ್ರಿ ಕೆಳಕ್ಕೆ ಇಳಿಯಿತು. ಹಾಗಾದರೆ ಇಂಧನವೇ ಹೆಪ್ಪುಗಟ್ಟಿತೇ? ಇಲ್ಲ. ಅದು ಹೆಪ್ಪುಗಟ್ಟಲು ಇನ್ನೂ 23 ಡಿಗ್ರಿ ಇಳಿಯಬೇಕಾಗಿತ್ತೆಂದು ಪರೀಕ್ಷೆಯಿಂದ ಕಂಡಿತು. ಇಳಿಯುವ ಹೊತ್ತಿಗೆ ಸ್ವಯಂಚಾಲಿತ ಯಂತ್ರ ಎಂಜಿನ್ನುಗಳಿಂದ ಹೆಚ್ಚು ಬಲ ಕೇಳಿತು. ಮೊದಲು ಅವು ಓಗೊಟ್ಟುವು. ಆಮೇಲೆ, ನೆಲದಿಂದ ಸುಮಾರು 720 ಅಡಿ ಎತ್ತರದಲ್ಲಿ ಬಲ ಎಂಜಿನ್ ತಗ್ಗಿತು. ಏಳು ಸೆಕೆಂಡಿನ ಅನಂತರ ಎಡದ್ದೂ ತಗ್ಗಿತು. ಆರಿಹೋಗಲಿಲ್ಲ, ಸೊರಗಿದುವು - ನಮ್ಮ ಸ್ಟವ್ವಿನಂತೆ. ವಿಮಾನವನ್ನು ನಡೆಸುತ್ತಿದ್ದವರು ಸಹವೈಮಾನಿಕ ಜಾನ್ ಕೋವರ್ಡ್. ಕಪ್ತಾನ ಪೀಟರ್ ಬರ್ಕಿಲ್ ರೆಕ್ಕೆಯ ಹಿಂಬದಿಯ ಇಳಿಹಲಗೆಗಳನ್ನು ತುಸು ಮೇಲಕ್ಕೆ ಎತ್ತಿ ಗಾಳಿಯ ತಡೆಯನ್ನು ಕಡಿಮೆ ಮಾಡಿದರು. ವಿಮಾನ ಬೇಲಿಯನ್ನೂ ಅದರಾಚೆಯ ರಸ್ತೆಯನ್ನೂ ದಾಟಿ, ಓಡುದಾರಿಗೆ ಇನ್ನೂ 300 ಮೀಟರಿನಷ್ಟು ದೂರವಿರುವಾಗಲೇ ಹುಲ್ಲಿನ ಮೇಲೆ ಬಿದ್ದು ಜಾರಿತು. ಗಾಲಿಗಳು ಮುರಿದುವು. ಕೆಲವರಿಗೆ ಗಾಯವಾಯಿತು, ಸತ್ತವರು ಯಾರೂ ಇಲ್ಲ.

ತನಿಖೆಗೆ ಬಂದವರಿಗೆ ದೊರೆತುದು ಮಾತ್ರ ಬಹಳ ಸ್ವಲ್ಪ. ಟ್ಯಾಂಕಿನಲ್ಲಿ ಇಂಧನವಿತ್ತು, ಅದು ಶುದ್ಧವಾಗಿಯೂ ಇತ್ತು, ಪಂಪುಗಳು ನಡೆಯುತ್ತಿದ್ದುವು. ಒಂದೇ ಕುರುಹು: ಎರಡು ಎಂಜಿನ್ನುಗಳ ಅಧಿಕ ಒತ್ತಡದ ಪಂಪುಗಳಲ್ಲೂ ಲೋಹದ ಮೈ ಹೊಸದಾಗಿ ಸವೆದು ತರಕಲಾಗಿತ್ತು. ಬರುವ ದ್ರವ ಸಾಲದೆ ಪಂಪು ಬರಿದೆ ಸೆಳೆಯುವಾಗ ಆವಿಯ ಗುಳ್ಳೆಗಳು ಹುಟ್ಟಿ, ಒಡೆದು, ಲೋಹವನ್ನೇ ಕೆತ್ತುತ್ತವೆ. ಎಂದರೆ ಪಂಪಿನ ಹಿಂದೆಲ್ಲೋ ದಾರಿ ಕಟ್ಟಿತ್ತು. ಕಟ್ಟಿದ ವಸ್ತು ಮಾತ್ರ ಮಾಯವಾಗಿತ್ತು. ತಾನು ಮಾಡಿದ ಕೇಡಿನ ಗುರುತನ್ನು ಉಳಿಸದೆ ಕರಗಿಹೋಗುವ ವಸ್ತು ಯಾವುದು? ಮಂಜುಗಡ್ಡೆ.

ಎಷ್ಟೇ ಸೋಸಿದರೂ ಇಂಧನದಲ್ಲಿ ಒಂದಿಷ್ಟು ನೀರು ಕರಗಿಯೇ ಇರುತ್ತದೆ. ತಂಪಾದಂತೆಲ್ಲ ಅದು ಬೇರ್ಪಟ್ಟು ಹೊರಬೀಳುತ್ತದೆ. ಬೀಜಿಂಗಿನಲ್ಲಿ ತುಂಬಿದ 70 ಟನ್ನಿಗೂ ಹೆಚ್ಚಿನ ಇಂಧನದಲ್ಲಿ ಕರಗಿದ ನೀರು ಹೆಚ್ಚೆಂದರೆ 3 ಲೀಟರು, ಕರಗದೆ ಬೆರೆತುದು ಹೆಚ್ಚೆಂದರೆ 2 ಲೀಟರು ಇದ್ದಿರಬಹುದೆಂದು ಅಂದಾಜು ಮಾಡಿದರು. ಒಂದು ಬಿಂದಿಗೆಯಷ್ಟೂ ಇಲ್ಲ. ನಿಯಮ ಮೀರಿದುದೂ ಅಲ್ಲ. ಮೊದಲ ನೋಟಕ್ಕೆ ವಿಚಿತ್ರವೆನಿಸುವ ಅಂಶವೊಂದು ಪ್ರಯೋಗಗಳಿಂದ ಹೊರಬಂದಿತು. ಬಹಳ ತಣ್ಣನೆಯ ಇಂಧನದಲ್ಲಿ ಮಂಜಿನ ಹರಳುಗಳು ಒಣಮರಳಿನಂತೆ ಹರಿದುಹೋಗುತ್ತವೆ, ಎಲ್ಲಿಯೂ ಅಂಟುವುದಿಲ್ಲ. ಸೊನ್ನೆಗಿಂತ 5ರಿಂದ 20 ಡಿಗ್ರಿ ಕೆಳಗಿನ ಪ್ರದೇಶದಲ್ಲೇ ಅವು ಅಂಟಂಟಾಗಿ ಕೊಳವೆಯ ಗೋಡೆಗೆ ಮೆತ್ತಿಕೊಳ್ಳುತ್ತವೆ. ಗಂಟೆಗಟ್ಟಲೆ ಇಂಧನ ಮೆಲ್ಲಗೆ ಹರಿಯುತ್ತಿದ್ದಾಗ ಕೊಳವೆಯೊಳಗೆ ಮೃದುವಾದ ಮಂಜಿನ ಪದರ ಬೆಳೆಯಿತು. ಕಡೆಗಳಿಗೆಯಲ್ಲಿ ಎಂಜಿನ್ ಹೆಚ್ಚು ಇಂಧನ ಬೇಡಿದಾಗ ಹರಿವು ಜೋರಾಗಿ, ಆ ಪದರವೆಲ್ಲ ಒಮ್ಮೆಲೇ ಕಿತ್ತು ಬಂದು ಶಾಖವಿನಿಮಯದ ಪೆಟ್ಟಿಗೆಯ ತಟ್ಟೆಗೆ ಬಡಿಯಿತು. ಹೊರಚಾಚಿದ ನಳಿಗೆಯ ಮೊನೆಗಳ ನಡುವೆ ಅದು ಸಿಕ್ಕಿಕೊಂಡಿತು. ಮಂಜನ್ನು ಕರಗಿಸುವುದಕ್ಕೆಂದೇ ಇದ್ದ ಪೆಟ್ಟಿಗೆಯ ಬಾಯಿಯನ್ನೇ ಮಂಜು ಮುಚ್ಚಿತು. ಎರಡು ಎಂಜಿನ್ನುಗಳು, ಎರಡು ಟ್ಯಾಂಕುಗಳು, ಎರಡೆರಡು ಪಂಪುಗಳು ಎಂಬ ಎಚ್ಚರವೆಲ್ಲ ಇಲ್ಲಿ ನಿರುಪಯೋಗವಾಯಿತು. ಒಂದೇ ಚಳಿ ಎರಡು ಕಡೆಗೂ ತಗುಲಿದ್ದಿತು.

ಈ ವಿವರಣೆಗೆ ಪುಷ್ಟಿ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಅದೇ ವರ್ಷದ ನವೆಂಬರ್ 26ರಂದು ಶಾಂಘೈನಿಂದ ಅಟ್ಲಾಂಟಾಕ್ಕೆ ಹೋಗುತ್ತಿದ್ದ, ಅದೇ ಜಾತಿಯ ಎಂಜಿನ್ನುಗಳ 777 ವಿಮಾನವೊಂದರ ಬಲ ಎಂಜಿನ್ 39,000 ಅಡಿ ಎತ್ತರದಲ್ಲಿ ಹಾಗೆಯೇ ಸೊರಗಿತು. ಹೀಥ್ರೂವಿನ ಬಳಿಕ ಹೊರಟಿದ್ದ ಸೂಚನೆಯಂತೆ ವೈಮಾನಿಕರು ಬಲವನ್ನು ಇನ್ನೂ ಹೆಚ್ಚಿಸಲು ಹೋಗದೆ, ತೀರ ಕಡಿಮೆ ಮಾಡಿದರು. ತಣ್ಣನೆಯ ಇಂಧನದ ಹರಿವು ಕುಗ್ಗಿತು. ಬಿಸಿಯೆಣ್ಣೆಗೆ ತಟ್ಟೆಯ ಮುಖವನ್ನು ಕಾಯಿಸಲು ಸಮಯ ದೊರೆಯಿತು. ಮಂಜು ಕರಗಿತು, ಎಂಜಿನ್ ಮತ್ತೆ ಪೂರ್ಣ ಬಲಕ್ಕೆ ಬಂದಿತು. ಎತ್ತರವಿದ್ದವರಿಗೆ ಆ ಕಾಲಾವಕಾಶವಿತ್ತು. 720 ಅಡಿಯಲ್ಲಿದ್ದವರಿಗೆ ಇರಲಿಲ್ಲ.

ಅಂತಿಮ ವರದಿ 2010ರ ಫೆಬ್ರವರಿಯಲ್ಲಿ ಹೊರಬಂದಿತು. ವಿಮಾನಕ್ಕೆ ಪ್ರಮಾಣಪತ್ರ ಕೊಡುವಾಗಿನ ನಿಯಮಗಳು ಕೊಳವೆಯಲ್ಲಿ ಮಂಜು ಕೂಡಿ, ಒಮ್ಮೆಲೇ ಬಿಡುಗಡೆಯಾಗುವ ಈ ಅಪಾಯವನ್ನು ಗಣನೆಗೆ ತೆಗೆದುಕೊಂಡಿರಲಿಲ್ಲವೆಂದು ಅದು ಹೇಳಿತು. ಅಷ್ಟರಲ್ಲಿ ಎಂಜಿನ್ ತಯಾರಿಸುವವರು ಶಾಖವಿನಿಮಯದ ಪೆಟ್ಟಿಗೆಯನ್ನು ತಿದ್ದಿಯಾಗಿತ್ತು. ತಿದ್ದುಪಡಿ ನೋಡಲು ಬಹಳ ಚಿಕ್ಕದು: ಹೊರಚಾಚಿದ್ದ ನಳಿಗೆಗಳ ಮೊನೆಗಳು ಹೊಸ ಪೆಟ್ಟಿಗೆಯಲ್ಲಿ ತಟ್ಟೆಯ ಮಟ್ಟಕ್ಕೆ ಸಮನಾದುವು. ಈಗ ಮಂಜು ಬಂದು ಬಡಿದರೂ ಹಿಡಿದು ನಿಲ್ಲಲು ಅಲ್ಲಿ ಏನೂ ಇಲ್ಲ. ಬಿಸಿಯಾದ ಲೋಹವನ್ನು ಮುಟ್ಟಿ ಕರಗಿ, ಇಂಧನದೊಡನೆ ಹರಿದುಹೋಗುತ್ತದೆ.